ಮುಳ್ಳಯ್ಯನಗಿರಿ ಇನ್ನೂ ಬೆಳೀತಾ ಇದೆಯಾ? ನಮ್ಮ ಕಡೆ ನೆಲ ನಡುಗೋದು ಯಾಕೆ?

ಆಲ್ದೂರು_ತೋಟ:

ಎಲ್ಲರಿಗೂ ನಮಸ್ಕಾರ. ಮಗ ಒಂಬತ್ತನೇ ಕ್ಲಾಸು. ಪಾಠದಲ್ಲಿ ಹಿಮಾಲಯ ಹುಟ್ಟಿದ ಕಥೆ ಬಂದಿದೆ. ಭಾರತದ ನೆಲ ತೇಲಿ ಬಂದು ಏಷ್ಯಾಕ್ಕೆ ಗುದ್ದಿತು, ಮಧ್ಯದ್ದೆಲ್ಲ ಮಡಿಚಿಕೊಂಡು ಮೇಲೆದ್ದಿತು, ಈಗಲೂ ಏಳ್ತಾ ಇದೆ ಅಂತ. ಅದನ್ನು ಓದಿ ಅವನು ಕೇಳಿದ: "ಅಪ್ಪಾ, ಹಾಗಾದ್ರೆ ಮುಳ್ಳಯ್ಯನಗಿರಿಗೆ ಯಾರು ಗುದ್ದಿದ್ದು?"

ನನ್ನದೂ ಒಂದು ಪ್ರಶ್ನೆ ಇದೆ. ಪ್ಲೇಟುಗಳ ಅಂಚಿನಲ್ಲಿ ಭೂಕಂಪ ಆಗುತ್ತೆ ಅಂತಾರೆ. ನಾವು ಯಾವ ಅಂಚಿನಲ್ಲೂ ಇಲ್ಲ. ಆದರೂ ಹಾಸನ, ಕೊಡಗು ಕಡೆ ನೆಲ ನಡುಗಿತು ಅಂತ ಆಗಾಗ ಸುದ್ದಿ ಬರುತ್ತೆ. ತಿಳಿದವರು ಹೇಳಿ. ಗೂಗಲ್ ಮಾಡಿ ಅನ್ನಬೇಡಿ, ಮಾಡಿ ಸುಸ್ತಾಗಿದೆ.

ಅರಸೀಕೆರೆ_ಮೇಷ್ಟ್ರು:

ಹುಡುಗನ ಪ್ರಶ್ನೆ ಚೆನ್ನಾಗಿದೆ. ಗುಡ್ಡದ ವಿಷಯಕ್ಕೆ ನಮ್ಮ ಕಲ್ಲು ಸುತ್ತಿಗೆ ಸರ್ ಬರಲಿ, ಅವರು ಗಣಿಯಲ್ಲಿ ಇದ್ದವರು. ನಾನು ಪ್ಲೇಟಿನ ಕಥೆ ಹೇಳಿಬಿಡ್ತೀನಿ.

ಭೂಮಿಯ ಹೊರಗಿನ ಗಟ್ಟಿ ಪದರ ಒಂದೇ ತುಂಡಲ್ಲ. ಏಳೆಂಟು ದೊಡ್ಡ ತುಂಡುಗಳು, ಅವುಗಳ ನಡುವೆ ಸಣ್ಣವು ಹತ್ತಾರು. ಈ ತುಂಡುಗಳೇ ಪ್ಲೇಟುಗಳು. ದಪ್ಪ ಸುಮಾರು 100 ಕಿ.ಮೀ. ನಮ್ಮಂಥ ಹಳೇ ಭೂಖಂಡಗಳ ಕೆಳಗೆ ಇನ್ನೂ ಜಾಸ್ತಿ. ಅದರ ಕೆಳಗೆ ಲಾವಾ ಕುದೀತಾ ಇದೆ, ಅದರ ಮೇಲೆ ಪ್ಲೇಟು ತೇಲುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕೆಳಗಿರುವುದೂ ಕಲ್ಲೇ, ಬಹುಪಾಲು ಗಟ್ಟಿಯೇ. ಆದರೆ ವಿಪರೀತ ಬಿಸಿ. ಅದಕ್ಕೇ ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಮೆಲ್ಲಗೆ ಜರುಗುತ್ತೆ.

ಖಂಡಗಳು ಸರಿಯುತ್ತವೆ ಅಂತ ಗಟ್ಟಿಯಾಗಿ ಹೇಳಿದವರು ಜರ್ಮನಿಯ ಆಲ್ಫ್ರೆಡ್ ವೆಗೆನರ್, 1912ರಲ್ಲಿ. ಅವರು ಹವಾಮಾನದ ವಿಜ್ಞಾನಿ. ಭೂವಿಜ್ಞಾನದವರು ಹೆಚ್ಚಿನವರು ಒಪ್ಪಲಿಲ್ಲ. ಇಷ್ಟು ದೊಡ್ಡ ನೆಲವನ್ನು ತಳ್ಳುವುದು ಯಾರು ಅಂತ ಕೇಳಿದರೆ ವೆಗೆನರ್ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಅವರ ಮಾತಿಗೆ ಬೆಲೆ ಬಂದದ್ದು 1960ರ ದಶಕದಲ್ಲಿ, ಸಮುದ್ರದ ತಳ ಅಳೆದ ಮೇಲೆ. ಸಾಗರಗಳ ನಡುವೆ ಸಾವಿರಾರು ಕಿ.ಮೀ. ಉದ್ದದ ಬೆಟ್ಟಸಾಲು ಇದೆ. ಅಲ್ಲಿ ಕೆಳಗಿನಿಂದ ಹೊಸ ಕಲ್ಲು ಬಂದು ಎರಡೂ ಕಡೆಗೆ ಸರಿಯುತ್ತೆ. ಎಡಗಡೆ ಕಲ್ಲಿನ ಕಾಂತಗುಣದ ಪಟ್ಟೆ ಹೇಗಿದೆಯೋ ಬಲಗಡೆಯೂ ಹಾಗೇ ಇದೆ. ಅದನ್ನು ನೋಡಿದ ಮೇಲೆ ಹೆಚ್ಚಿನವರು ಸುಮ್ಮನಾದರು.

ಒಂದು ಕಡೆ ಹೊಸ ನೆಲ ಹುಟ್ಟಿದರೆ ಇನ್ನೊಂದು ಕಡೆ ಹಳೇದು ಹೋಗಲೇಬೇಕು. ಸಮುದ್ರತಳದ ಹಳೇ ಕಲ್ಲು ತಣ್ಣಗಾಗಿ ಭಾರ ಆಗುತ್ತೆ. ಪಕ್ಕದ ಪ್ಲೇಟಿನ ಕೆಳಗೆ ಓರೆಯಾಗಿ ಇಳಿಯುತ್ತೆ. ಇಳಿಯುವಾಗ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತೆ. ವೆಗೆನರ್‌ಗೆ ಸಿಗದೇ ಹೋದ ಬಲ ಬಹುಮಟ್ಟಿಗೆ ಇದೇ. ಆದ್ದರಿಂದ ಸಮುದ್ರದ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೇ ಕಲ್ಲು ಹೆಚ್ಚೂಕಮ್ಮಿ ಸಿಗುವುದೇ ಇಲ್ಲ. ಭೂಖಂಡದ ಕಲ್ಲು ಹಗುರ, ಅದು ಮುಳುಗಲ್ಲ. ಹಾಗಾಗಿ ನಮ್ಮ ಹಾಸನದ ಕಲ್ಲು 300 ಕೋಟಿ ವರ್ಷ ದಾಟಿಯೂ ಇಲ್ಲೇ ಇದೆ.

ಎರಡು ಭೂಖಂಡ ಎದುರುಬದುರಾದರೆ ಎರಡೂ ಮುಳುಗಲ್ಲ. ಆಗ ಹಿಮಾಲಯ.

ಪೂಜೆ_ಮನೆ:

ಮೇಷ್ಟ್ರೇ, ಮಧ್ಯದಲ್ಲಿ ಬಾಯಿ ಹಾಕ್ತೀನಿ. ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಅಂತ ಸಮುದ್ರ ಇತ್ತಲ್ವಾ? ಅದರ ಸಾಕ್ಷಿ ನಮ್ಮ ಕಡೆ ಎಷ್ಟೋ ದೇವರ ಮನೆಗಳಲ್ಲಿ ಇದೆ. ಸಾಲಿಗ್ರಾಮ. ನೇಪಾಳದ ಗಂಡಕಿ ನದಿಯಿಂದ ಬರುವ ಕಪ್ಪು ಕಲ್ಲು. ಅದರೊಳಗಿನ ಚಕ್ರ ಅಮೊನೈಟ್ ಅನ್ನುವ ಸಮುದ್ರಜೀವಿಯ ಚಿಪ್ಪಿನ ಅಚ್ಚು. ಡೈನೋಸಾರ್ ಕಾಲದ್ದು. ಅಜ್ಜಿಗೆ ಹೇಳಿದಾಗ ಅವರು ಒಂಚೂರೂ ಗಾಬರಿಯಾಗಲಿಲ್ಲ. "ಮತ್ಸ್ಯಾವತಾರ ಮೊದಲನೇದು ತಾನೇ" ಅಂದರು.

ಅರಸೀಕೆರೆ_ಮೇಷ್ಟ್ರು:

ಅಜ್ಜಿಗೆ ನಮಸ್ಕಾರ ತಿಳಿಸಿ. ಸಾಲಿಗ್ರಾಮ ಸಿಗುವ ಜಾಗ ಹಿಮಾಲಯದ ಆಚೆ ಮಗ್ಗುಲು, ಮುಕ್ತಿನಾಥದ ಸುತ್ತ. ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರ್‌ಗೂ ಮೇಲೆ. ಸಮುದ್ರದ ಪ್ರಾಣಿ ಅಲ್ಲಿಗೆ ಹತ್ತಿ ಹೋಗಲಿಲ್ಲ, ಸಮುದ್ರದ ತಳವೇ ಮೇಲೆದ್ದಿತು. ಎವರೆಸ್ಟಿನ ತುದಿಯಲ್ಲಿರುವುದೂ ಸಮುದ್ರದಲ್ಲಿ ಕೂತ ಸುಣ್ಣಕಲ್ಲೇ. 2020ರಲ್ಲಿ ನೇಪಾಳ, ಚೀನಾ ಸೇರಿ ಘೋಷಿಸಿದ ಅದರ ಎತ್ತರ 8,848.86 ಮೀ.

ಗೊಂಡ್ವಾನಾ ಅನ್ನುವ ದೊಡ್ಡ ಭೂಖಂಡದಲ್ಲಿ ನಾವು, ಆಫ್ರಿಕಾ, ಮಡಗಾಸ್ಕರ್, ಅಂಟಾರ್ಟಿಕಾ, ಆಸ್ಟ್ರೇಲಿಯಾ ಎಲ್ಲ ಒಟ್ಟಿಗಿದ್ದೆವು. ಒಬ್ಬೊಬ್ಬರಾಗಿ ಬೇರೆಯಾದರು. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ. ಮಲ್ಪೆ ಹತ್ತಿರ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತ ಕಲ್ಲು ನೋಡಿದ್ದೀರಲ್ಲ, ಅದು ಆ ಕಾಲದ ಜ್ವಾಲಾಮುಖಿ ಕಲ್ಲು. ಆಮೇಲೆ ಭಾರತ ಉತ್ತರಕ್ಕೆ ಓಡಿತು. ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂ.ಮೀ. ಮೇಲೆ. ಪ್ಲೇಟುಗಳ ಲೆಕ್ಕದಲ್ಲಿ ಅದು ವಿಪರೀತ ವೇಗ. ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾ ಅಡ್ಡ ಸಿಕ್ಕಿತು. ವೇಗ ಇಳಿಯಿತು, ನಿಲ್ಲಲಿಲ್ಲ.

ಶಂಕೆ_ಸ್ವಾಮಿ:

ನಿಲ್ಲಲಿಲ್ಲ ಅಂತ ಹೇಗೆ ಗೊತ್ತು? 5 ಕೋಟಿ ವರ್ಷ, 8 ಕೋಟಿ ವರ್ಷ ಅಂತ ಹೇಳೋದು ಸುಲಭ. ಈಗ ಸರೀತಾ ಇದೆ ಅನ್ನೋದಕ್ಕೆ ಕಣ್ಣಿಗೆ ಕಾಣೋ ಪುರಾವೆ ಕೊಡಿ.

ಬೇಲೂರು_ಹಳೇಬೀಡು_ಗೈಡ್:

ಸ್ವಾಮಿಗಳೇ, ಇದಕ್ಕೆ ನಾನು ಉತ್ತರ ಕೊಡ್ತೀನಿ. ಪ್ರವಾಸಿಗರಿಗೆ ಹೇಳೋಕೆ ಅಂತಲೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದೀನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲಕ್ಕೆ ಕೂರಿಸಿದ ಜಿಪಿಎಸ್ ನೆಲೆ ಇದೆ. ಅದರ ಅಳತೆ ಪ್ರಕಾರ ನಮ್ಮ ನೆಲ ವರ್ಷಕ್ಕೆ 5 ಸೆಂ.ಮೀ. ಆಸುಪಾಸು ಈಶಾನ್ಯದ ಕಡೆ ಹೋಗ್ತಾ ಇದೆ. ಹಾಸನವೂ ಅದರ ಜೊತೆಗೇ.

ಶ್ರವಣಬೆಳಗೊಳದ ಗೊಮ್ಮಟ ನಿಂತದ್ದು 981ರಲ್ಲಿ ಅಂತ ಹಿಡಿಯಿರಿ. ಸಾವಿರ ಚಿಲ್ಲರೆ ವರ್ಷ. ವರ್ಷಕ್ಕೆ 5 ಸೆಂ.ಮೀ. ಅಂದರೆ 50 ಮೀಟರ್ ದಾಟುತ್ತೆ. ಮೂರ್ತಿ ಎತ್ತರ 57 ಅಡಿ. ಕೆತ್ತಿದ ಮೇಲೆ ಬಾಹುಬಲಿ ತನ್ನ ಎತ್ತರದ ಮೂರರಷ್ಟು ದೂರ, ಬೆಟ್ಟದ ಸಮೇತ, ನಿಂತಲ್ಲೇ ನಿಂತು ಹೋಗಿದ್ದಾನೆ. 1117ರ ಬೇಲೂರು ಚೆನ್ನಕೇಶವ ಸುಮಾರು 45 ಮೀಟರ್.

ಶಂಕೆ_ಸ್ವಾಮಿ:

ಇದು ಚೆನ್ನಾಗಿದೆ. ಒಪ್ಪಿದೆ. ಆದರೆ ಬೆಂಗಳೂರು, ಹಾಸನ ಎರಡೂ ಒಟ್ಟಿಗೆ ಹೋದರೆ ನಡುವೆ ಯಾಕೆ ಭೂಕಂಪ? ಜಗಳ ಇರಬೇಕಾದ್ದು ನೇಪಾಳದಲ್ಲಿ ತಾನೇ?

ಹೇಮಾವತಿ_ದಂಡೆ:

ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ನಮ್ಮದು ಹೊಳೆನರಸೀಪುರದ ಹತ್ತಿರ ಹಳ್ಳಿ. 2022ರ ಜೂನ್ 23, ಬೆಳಗಿನ ಜಾವ ನಾಲ್ಕೂವರೆ ದಾಟಿತ್ತು. ಮೊದಲು ಬಂದದ್ದು ಸದ್ದು. ದೂರದಲ್ಲಿ ಗುಡುಗಿದ ಹಾಗೆ, ಆದರೆ ನೆಲದೊಳಗಿಂದ. ಹಿಂದೆಯೇ ಅಟ್ಟದ ಮೇಲಿನ ಪಾತ್ರೆಗಳೆಲ್ಲ ಗಲಗಲ ಅಂದವು, ಶೀಟು ಅದುರಿತು. ನಮ್ಮ ಯಜಮಾನರು ಯಾವುದೋ ಕ್ವಾರಿಯಲ್ಲಿ ಬ್ಲಾಸ್ಟ್ ಮಾಡಿರಬೇಕು ಅಂತ ಮಗ್ಗುಲು ಬದಲಾಯಿಸಿದರು. ಅಷ್ಟು ಹೊತ್ತಿನಲ್ಲಿ ಯಾರು ಮದ್ದು ಸಿಡಿಸ್ತಾರೆ? ಅಕ್ಕಪಕ್ಕದವರೆಲ್ಲ ರಸ್ತೆಗೆ ಬಂದಿದ್ದರು. ಆಮೇಲೆ ಟಿವಿಯಲ್ಲಿ 3.4 ಅಂತ ಬಂತು. ಅದೇ ವಾರ ಸುಳ್ಯ, ಕೊಡಗು ಕಡೆಯೂ ಆಯಿತು.

ಸದ್ದು ಯಾಕೆ ಮೊದಲು ಬಂತು? ನಮ್ಮ ನಾಯಿ ಅದಕ್ಕೂ ಮೊದಲೇ ಬೊಗಳಿತ್ತು ಅಂತ ಅತ್ತೆ ಹೇಳ್ತಾರೆ.

ಕಲ್ಲು_ಸುತ್ತಿಗೆ:

ಈಗ ನೋಡಿದೆ. ಬೈರಾಪುರದ ಕ್ರೋಮೈಟ್ ಗಣಿ ಕಡೆ ಎಷ್ಟೋ ವರ್ಷ ಇದ್ದವನು, ನಿವೃತ್ತ. ಮೊದಲು ಮೇಡಂ ಪ್ರಶ್ನೆ.

ಬಂಡೆ ಒಡೆದು ಸರಿದಾಗ ಎರಡು ಬಗೆ ಅಲೆ ಹೊರಡುತ್ತೆ. ಮೊದಲನೇದು ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತೆ. ಅದು ಗಾಳಿಯಲ್ಲಿ ಶಬ್ದ ಹೋಗುವ ಹಾಗೇ ಕಲ್ಲನ್ನು ಒತ್ತುತ್ತಾ ಬಿಡುತ್ತಾ ಹೋಗುತ್ತೆ. ಜೋರಾಗಿ ಅಲ್ಲಾಡಿಸುವುದು ಎರಡನೇದು. ಅದರ ವೇಗ ಮೂರೂವರೆ ಕಿ.ಮೀ. ಅಷ್ಟೇ. ಕಂಪನ ಕಡಿಮೆ ಆಳದಲ್ಲಾದರೆ, ಮೇಲಿನವರೆಗೂ ಗಟ್ಟಿ ಕಲ್ಲೇ ಇದ್ದರೆ, ಮೊದಲ ಅಲೆ ನೆಲದಿಂದ ಹೊರಬಂದು ಕಿವಿಗೆ ಕೇಳುತ್ತೆ. ಹಾಸನದಲ್ಲಿ ಮಣ್ಣು ತೆಳು, ಕೆಳಗೆ ಬರೀ ಬಂಡೆ. ಅದಕ್ಕೇ ಇಲ್ಲಿ ಸಣ್ಣ ಕಂಪನಕ್ಕೂ ಗುಡುಗಿನ ಸದ್ದು. ನಾಯಿ ಬಹುಶಃ ಆ ಮೊದಲ ಅಲೆಗೇ ಎದ್ದಿರಬೇಕು. ಜಪಾನಿನಲ್ಲಿ ರೈಲು ನಿಲ್ಲಿಸುವ ಎಚ್ಚರಿಕೆ ವ್ಯವಸ್ಥೆಯೂ ಈ ಎರಡು ಅಲೆಗಳ ನಡುವಿನ ಸಮಯವನ್ನೇ ನಂಬಿಕೊಂಡಿದೆ.

ಇನ್ನು ಸ್ವಾಮಿಗಳ ಪ್ರಶ್ನೆ. ಭಾರತ ಮುಂದೆ ಹೋಗ್ತಾ ಇದೆ, ಎದುರಿಗೆ ಟಿಬೆಟ್ ಅಡ್ಡ ನಿಂತಿದೆ. ಹಿಂದಿನಿಂದ ಹಿಂದೂ ಮಹಾಸಾಗರದ ಬೆಟ್ಟಸಾಲಿನಲ್ಲಿ ಹೊಸ ನೆಲ ಹುಟ್ಟಿ ದೂಡುತ್ತಿದೆ. ನಡುವೆ ಸಿಕ್ಕಿದ ಇಡೀ ಪರ್ಯಾಯ ದ್ವೀಪದ ಮೇಲೆ ಉತ್ತರ-ದಕ್ಷಿಣವಾಗಿ ಒತ್ತಡ ಇದೆ. ಹಿಮಾಲಯದ ಬುಡದಲ್ಲಿ ಮಾತ್ರ ಅಲ್ಲ, ನಿಮ್ಮ ಮನೆ ಅಡಿಪಾಯದ ಕೆಳಗೂ ಇದೆ. ನಮ್ಮ ಕಲ್ಲು ಗಟ್ಟಿ, ಹೆಚ್ಚಿನ ಕಡೆ ತಡೆದುಕೊಳ್ಳುತ್ತೆ. ಆದರೆ 300 ಕೋಟಿ ವರ್ಷದಲ್ಲಿ ಎಷ್ಟು ಸಲ ಒಡೆದಿದೆಯೋ! ಆ ಹಳೇ ಬಿರುಕುಗಳು ಮುಚ್ಚಿಕೊಂಡಿವೆ, ಮಾಯವಾಗಿಲ್ಲ. ಒತ್ತಡದ ದಿಕ್ಕಿಗೆ ಸರಿಹೊಂದುವ ಬಿರುಕು ಎಲ್ಲಾದರೂ ಇದ್ದರೆ ಅದು ಒಮ್ಮೊಮ್ಮೆ ಚೂರು ಜಾರುತ್ತೆ.

ಜಾರುವ ಬಗೆ ಹೀಗೆ. ಗೋಡೌನಿನಲ್ಲಿ ಕಾಫಿ ಮೂಟೆ ತಳ್ಳಿ ನೋಡಿ. ಮೊದಲು ಅಲ್ಲಾಡಲ್ಲ. ಬಲ ಹಾಕ್ತಾ ಹೋಗಿ, ಆಗಲೂ ಇಲ್ಲ. ಆಮೇಲೆ ಒಮ್ಮೆಲೇ ಜರ್ ಅಂತ ಅರ್ಧ ಅಡಿ ಮುಂದೆ. ಆ "ಜರ್" ಇದೆಯಲ್ಲ, ಅದೇ ಭೂಕಂಪ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆದಾಗ ಬಿರುಕಿನ ಎರಡೂ ಕಡೆಯ ಬೇಲಿಗಳು ಕೆಲವು ಮೀಟರ್ ಪಕ್ಕಕ್ಕೆ ಹೋಗಿದ್ದವು. ರೀಡ್ ಅನ್ನುವ ವಿಜ್ಞಾನಿ ಅಂಥ ಗುರುತುಗಳನ್ನು ಅಳೆದೇ, ಬಂಡೆ ವರ್ಷಗಟ್ಟಲೆ ಬಾಗಿ ಕೊನೆಗೆ ಒಮ್ಮೆಲೇ ಸೆಟೆದು ಬಿಡುತ್ತೆ ಅಂತ ತೋರಿಸಿಕೊಟ್ಟರು.

ಗುಡ್ಡದ ವಿಷಯ ರಾತ್ರಿ ಬರೀತೀನಿ. ಅದು ದೊಡ್ಡದು.

ಕಾಲೇಜು_ಹುಡುಗಿ_ಚಿಕ್ಕಮಗಳೂರು:

ಸರ್, ಬೆಟ್ಟ ಬೆಳೆಯೋದಕ್ಕೂ ಭೂಕಂಪಕ್ಕೂ ನೇರ ಸಂಬಂಧ ಇದೆಯಾ? ಪುಸ್ತಕದಲ್ಲಿ ಎರಡೂ ಬೇರೆ ಬೇರೆ ಅಧ್ಯಾಯ.

ಅರಸೀಕೆರೆ_ಮೇಷ್ಟ್ರು:

ಪುಸ್ತಕ ಬರೆದವರು ಹಂಚಿಬಿಟ್ಟಿದ್ದಾರೆ. ಹಿಮಾಲಯದಲ್ಲಿ ಎರಡೂ ಒಂದೇ ಕೆಲಸ. ಗೈಡ್ ಹೇಳಿದ ವರ್ಷದ 5 ಸೆಂ.ಮೀ.ನಲ್ಲಿ ಸುಮಾರು 2 ಸೆಂ.ಮೀ. ಪಾಲು ಭಾರತದ ನೆಲ ಹಿಮಾಲಯದ ಅಡಿ ನುಗ್ಗಬೇಕು. ಆದರೆ ಬುಡದ ದೊಡ್ಡ ಬಿರುಕು ಕಚ್ಚಿಕೊಂಡು ಕೂತಿದೆ. ನೂರಾರು ವರ್ಷದ ಬಾಕಿ ಸೇರುತ್ತಾ ಹೋಗುತ್ತೆ. ಒಂದು ದಿನ ಅಷ್ಟನ್ನೂ ಒಟ್ಟಿಗೆ ತೀರಿಸುತ್ತೆ. 2015ರ ಏಪ್ರಿಲ್ 25ರ ನೇಪಾಳದ 7.8 ಭೂಕಂಪದಲ್ಲಿ ಕಠ್ಮಂಡು ಕಣಿವೆ ನಿಮಿಷದೊಳಗೆ ಸುಮಾರು ಒಂದು ಮೀಟರ್ ಮೇಲಕ್ಕೆದ್ದಿತು. ಅದರ ಉತ್ತರದ ಎತ್ತರದ ಬೆಟ್ಟಗಳು ಸ್ವಲ್ಪ ತಗ್ಗಿದವು. ಹಾಗಾಗಿ ಬೆಟ್ಟ ದಿನಾ ಒಂದೇ ಸಮ ಬೆಳೆಯುತ್ತೆ ಅಂತ ಅಲ್ಲ. ಏಳುತ್ತೆ, ಇಳಿಯುತ್ತೆ, ಸವೆಯುತ್ತೆ. ಎಲ್ಲ ಕೂಡಿ ಕಳೆದರೆ ವರ್ಷಕ್ಕೆ ಕೆಲವು ಮಿ.ಮೀ. ಉಳಿತಾಯ.

ಕಲ್ಲು_ಸುತ್ತಿಗೆ:

ಹೇಳಿದ ಹಾಗೆ ಬಂದೆ.

ಆಲ್ದೂರಿನವರೇ, ಮಗನಿಗೆ ಹೀಗೆ ಹೇಳಿ: ಮುಳ್ಳಯ್ಯನಗಿರಿಯ ಕಲ್ಲಿನ ವಯಸ್ಸು ಬೇರೆ, ಅದರ ಎತ್ತರದ ವಯಸ್ಸು ಬೇರೆ.

ಕಲ್ಲಿನದ್ದು ಮೊದಲು. ಬಾಬಾಬುಡನ್‌ಗಿರಿ ಸಾಲಿನ ನೆತ್ತಿಯ ಮೇಲೆ ಪಟ್ಟೆ ಪಟ್ಟೆಯ ಕಬ್ಬಿಣದ ಕಲ್ಲು ಇದೆ. ಕೆಂಪು, ಕಪ್ಪು, ಬಿಳಿ ಪದರಗಳು. ಭೂವಿಜ್ಞಾನದವರು ಈ ಪದರಕ್ಕೆ ಮುಳ್ಳಯ್ಯನಗಿರಿಯ ಹೆಸರನ್ನೇ ಇಟ್ಟಿದ್ದಾರೆ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿದ್ದ ಅದಿರು ಇದೇ ಬಳಗದ್ದು. ಇದು ಹುಟ್ಟಿದ್ದು ಸಮುದ್ರದಲ್ಲಿ, ಹತ್ತಿರ ಹತ್ತಿರ 270 ಕೋಟಿ ವರ್ಷದ ಹಿಂದೆ. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೀರಿನಲ್ಲಿ ಕಬ್ಬಿಣ ಕರಗಿಕೊಂಡೇ ಇರುತ್ತಿತ್ತು. ಅದು ಮೆಲ್ಲಗೆ ತಳಕ್ಕೆ ಕೂತು ಪದರವಾಯಿತು. ಅದರ ಕೆಳಗೆ ಹಳೇ ಲಾವಾ ಪದರಗಳು. ಇನ್ನೂ ಕೆಳಗೆ, ಕಳಸಾಪುರದ ಕಡೆ, ಹೊಳೆಯಲ್ಲಿ ಉರುಳಿ ನುಣುಪಾದ ಬೆಣಚುಕಲ್ಲಿನ ಹರಳುಗಳು ಕಲ್ಲಿನೊಳಗೇ ಕೂತಿವೆ. ಮೀನಿಲ್ಲ, ಮರವಿಲ್ಲ, ಹುಲ್ಲಿಲ್ಲ, ಆಗಲೂ ನಮ್ಮ ಜಿಲ್ಲೆಯಲ್ಲಿ ಹೊಳೆ ಹರೀತಿತ್ತು! ನನಗೆ ಇವತ್ತಿಗೂ ಮೈ ಜುಮ್ಮೆನ್ನುವುದು ಆ ಹರಳು ನೋಡಿದಾಗಲೇ. ಶಿಖರದ ಫೋಟೋ ಯಾರು ಬೇಕಾದರೂ ಹಾಕ್ತಾರೆ ಬಿಡಿ.

ಎವರೆಸ್ಟಿನ ತುದಿಯೂ ಸಮುದ್ರತಳ, ಮುಳ್ಳಯ್ಯನಗಿರಿ ಸಾಲಿನ ನೆತ್ತಿಯೂ ಸಮುದ್ರತಳ. ಆದರೆ ನಮ್ಮದು ಎವರೆಸ್ಟಿನ ಸುಣ್ಣಕಲ್ಲಿಗಿಂತ ಐದಾರು ಪಟ್ಟು ಹಳೇದು.

ಈ ಪದರಗಳು ಆಮೇಲೆ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡವು. ಚಂದ್ರದ್ರೋಣ ಅಂತ ಹೆಸರು ಬಂದ ಆ ಅರ್ಧಚಂದ್ರಾಕಾರ ಆ ಮಡಿಕೆಯದ್ದೇ. ಆಗ ಗುದ್ದಾಟ ನಡೆದಿತ್ತು ಅನ್ನಬಹುದು. ಆದರೆ ಈಗಿನ ಹಾಗೇ ಪ್ಲೇಟುಗಳು ಆಗಲೂ ಓಡಾಡುತ್ತಿದ್ದವಾ, ಇಲ್ಲ ಭೂಮಿ ಇನ್ನೂ ಬಿಸಿಯಾಗಿದ್ದ ಕಾಲಕ್ಕೆ ಬೇರೆಯೇ ಕ್ರಮ ಇತ್ತಾ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಇಲ್ಲ. ಜಗತ್ತಿನಲ್ಲಿ ಆ ಜಗಳ ಬಿಡಿಸೋಕೆ ಬೇಕಾದ ಕಲ್ಲು ಇರುವ ಜಾಗಗಳು ಕಡಿಮೆ. ಅದರಲ್ಲಿ ನಮ್ಮ ಹಾಸನ, ಗೊರೂರು, ಹೊಳೆನರಸೀಪುರ, ನುಗ್ಗೇಹಳ್ಳಿ ಸೇರಿವೆ. ಗೊರೂರು ಸುತ್ತಲ ನೈಸ್ ಅನ್ನುವ ಜಾತಿಯ ಕಲ್ಲಿಗೆ 330 ಕೋಟಿ ವರ್ಷದ ಆಸುಪಾಸು ವಯಸ್ಸು. ನಾವು ಅದನ್ನು ಜಲ್ಲಿ ಮಾಡಿ ರಸ್ತೆಗೆ ಹಾಕ್ತೀವಿ. ಇರಲಿ.

ಈಗ ಎತ್ತರ. ಆ ಕಾಲದಲ್ಲಿ ಎದ್ದ ಬೆಟ್ಟ ಎಷ್ಟೇ ದೊಡ್ಡದಿರಲಿ, ಯಾವಾಗಲೋ ಸವೆದು ಹೋಯಿತು. ಈಗ ಕಾಣುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಮಡಗಾಸ್ಕರ್ ಕಳಚಿಕೊಂಡಾಗ ಭಾರತದ ಪಶ್ಚಿಮದ ಅಂಚು ಎತ್ತರದಲ್ಲಿ ಉಳಿಯಿತು, ಒಟ್ಟು ನೆಲ ಪೂರ್ವಕ್ಕೆ ವಾಲಿತು. ಹೇಮಾವತಿಯನ್ನು ನೋಡಿ. ಮೂಡಿಗೆರೆಯ ಜಾವಳಿಯಲ್ಲಿ ಹುಟ್ಟುತ್ತಾಳೆ. ಪಡುಗಡಲು ಅಲ್ಲಿಂದ ನೂರು ಕಿ.ಮೀ.ಗೂ ಕಮ್ಮಿ. ಆದರೂ ಬೆನ್ನು ತಿರುಗಿಸಿ, ಕಾವೇರಿ ಸೇರಿ, ಬಂಗಾಳ ಕೊಲ್ಲಿಯವರೆಗೆ ಹೋಗುತ್ತಾಳೆ. ಆ ವಾಲಿಕೆಯೇ ಕಾರಣ. ಪಶ್ಚಿಮದ ಕಡೆ ಮಾತ್ರ ಮುಂಗಾರು ಮಳೆ ಕೋಟ್ಯಂತರ ವರ್ಷ ಕಡಿದು ಕಡಿದು ಅಂಚನ್ನು ಹಿಂದಕ್ಕೆ ತಂದಿತು. ಚಾರ್ಮಾಡಿ, ಶಿರಾಡಿ, ಬಿಸಿಲೆಯಲ್ಲಿ ನಿಂತು ಕೆಳಗೆ ನೋಡ್ತೀರಲ್ಲ, ಅದು ಎದ್ದು ನಿಂತ ಬೆಟ್ಟ ಅಲ್ಲ. ಪ್ರಸ್ಥಭೂಮಿಯ ಕೊರೆದ ಅಂಚು. ಕೊರೆದಷ್ಟೂ ಭಾರ ಇಳಿಯುತ್ತೆ, ಭಾರ ಇಳಿದಷ್ಟೂ ನೆಲ ಚೂರು ಮೇಲೇಳುತ್ತೆ.

ಎರಡನೇ ಕಾರಣ ಕಲ್ಲಿನ ಗಟ್ಟಿತನ. ಸುತ್ತಲಿನ ಮೆದು ಕಲ್ಲು ಸವೆದು ಹೋಯಿತು, ಕಬ್ಬಿಣದ ಪದರ ಸವೆಯಲಿಲ್ಲ. ಕುದುರೆಮುಖದಲ್ಲೂ ಅಂಥದ್ದೇ ಕಬ್ಬಿಣದ ಕಲ್ಲಿದೆ. ಹಾಗಾಗಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಬೆಳೆದು ನಿಂತ ಬೆಟ್ಟ ಅಲ್ಲ, ಸವೆಯದೆ ಉಳಿದ ಬೆಟ್ಟ.

ಆಲ್ದೂರು_ತೋಟ:

ಸರ್, ಇದನ್ನು ಪ್ರಿಂಟ್ ತೆಗೆದು ಮಗನಿಗೆ ಕೊಟ್ಟೆ. ನಮ್ಮ ಕಡೆ ಕೆಲವರು ಅದು ಆರಿಹೋದ ಜ್ವಾಲಾಮುಖಿ ಅಂತಾರಲ್ಲ?

ಕಲ್ಲು_ಸುತ್ತಿಗೆ:

ಅಲ್ಲ. ಕೆಳಗಿನ ಪದರದಲ್ಲಿ ಪುರಾತನ ಲಾವಾ ಇದೆ ಅಷ್ಟೇ. ಬೆಟ್ಟದ ಆಕಾರಕ್ಕೂ ಜ್ವಾಲಾಮುಖಿಗೂ ಸಂಬಂಧ ಇಲ್ಲ.

ಶಂಕೆ_ಸ್ವಾಮಿ:

ಒಬ್ಬರೂ ಗೊರೂರಿನ ಹೇಮಾವತಿ ಡ್ಯಾಮಿನ ಸುದ್ದಿ ಎತ್ತುತ್ತಿಲ್ಲ. ಮಹಾರಾಷ್ಟ್ರದ ಕೊಯ್ನಾದಲ್ಲಿ ಡ್ಯಾಮಿನಿಂದಲೇ ಭೂಕಂಪ ಆಯಿತು ಅಂತ ಎಲ್ಲರಿಗೂ ಗೊತ್ತು. ಹೊಳೆನರಸೀಪುರ ಗೊರೂರಿಗೆ ಎಷ್ಟು ದೂರ?

ಕಲ್ಲು_ಸುತ್ತಿಗೆ:

ಕೇಳಬೇಕಾದ ಪ್ರಶ್ನೆಯೇ. ಕೊಯ್ನಾ ಜಲಾಶಯದಲ್ಲಿ ನೀರು ನಿಲ್ಲಿಸಲು ಶುರು ಮಾಡಿದ್ದು 1962ರ ಹೊತ್ತಿಗೆ. ಸಣ್ಣ ಕಂಪನಗಳು ಆಗಲೇ ಶುರುವಾದವು. 1967ರ ಡಿಸೆಂಬರ್ 11ರಂದು 6.3ರ ಭೂಕಂಪ ಆಗಿ 200 ಜನದ ಹತ್ತಿರ ಸತ್ತರು. ಅಲ್ಲಿ ಇವತ್ತಿಗೂ ಸಣ್ಣಪುಟ್ಟದ್ದು ಆಗ್ತಾನೇ ಇದೆ. ನೀರಿನ ಮಟ್ಟ ಏರಿದಾಗ, ಇಳಿದಾಗ ಕಂಪನವೂ ಜಾಸ್ತಿ ಆಗುವುದು ದಾಖಲೆಯಲ್ಲಿದೆ. ನೀರು ಒತ್ತಡ ಹುಟ್ಟಿಸುವುದಿಲ್ಲ. ಮೊದಲೇ ಒತ್ತಡದಲ್ಲಿರುವ ಬಿರುಕಿನೊಳಗೆ ಇಳಿದು ಹಿಡಿತ ಸಡಿಲ ಮಾಡುತ್ತೆ.

ಕೊಯ್ನಾ ಅಣೆಕಟ್ಟು 100 ಮೀಟರ್‌ಗೂ ಎತ್ತರ. ಹೇಮಾವತಿಯದ್ದು ಅಷ್ಟು ಎತ್ತರ ಇಲ್ಲ, ಅಗಲಕ್ಕೆ ಹರಡಿದ ನೀರು. 1979ರಿಂದ ತುಂಬಿ ಇಳೀತಾ ಇದೆ. ಕೊಯ್ನಾದಂಥ ಸರಣಿ ಇಲ್ಲಿ ಕಂಡಿಲ್ಲ. ಅಲ್ಲದೆ ಜೂನ್ ಮೂರನೇ ವಾರ ಮಳೆಗಾಲದ ಶುರು, ಸಾಮಾನ್ಯವಾಗಿ ಡ್ಯಾಮು ತುಂಬಿರಲ್ಲ. ಒಂದು ಕಂಪನ ಇಟ್ಟುಕೊಂಡು ಡ್ಯಾಮಿನ ಮೇಲೆ ಹೊರಿಸೋಕೆ ನಾನು ತಯಾರಿಲ್ಲ.

ಮಳೆನಾಡು_ಮೂಡಿಗೆರೆ:

2018ರ ಜುಲೈನಲ್ಲಿ ಕೊಡಗಿನಲ್ಲಿ ಸಣ್ಣ ಭೂಕಂಪ ಆಯಿತು, ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು. ನೆಲ ಸಡಿಲ ಆದದ್ದಕ್ಕೇ ಕುಸಿಯಿತು ಅಂತ ಆಗ ವಾಟ್ಸಾಪಿನಲ್ಲಿ ಓಡಾಡಿತ್ತು. 2019ರಲ್ಲಿ ಚಾರ್ಮಾಡಿ ಘಾಟಿ, ನಮ್ಮ ತಾಲ್ಲೂಕು ಕುಸಿದಾಗಲೂ ಅದೇ ಮಾತು.

ಸೈಟ್_ಇಂಜಿನಿಯರ್_ಹಾಸನ:

ಕೊಡಗಿನ ಆ ಕಂಪನವೂ 3.4. ಅಷ್ಟಕ್ಕೆ ಗುಡ್ಡ ಕುಸಿಯಲ್ಲ. ಭೂಕಂಪದಿಂದ ಗುಡ್ಡ ಕುಸಿಯಬೇಕಾದರೆ ಸಾಮಾನ್ಯವಾಗಿ ಅದು ದೊಡ್ಡದೇ ಇರಬೇಕು. ಮಲೆನಾಡಿನ ಗುಡ್ಡಗಳಲ್ಲಿ ಬಂಡೆಯ ಮೇಲೆ ದಪ್ಪ ಮಣ್ಣು ಕೂತಿದೆ. ಹತ್ತಾರು ದಿನ ಬಿಡದೆ ಮಳೆ ಬಂದರೆ ಆ ಮಣ್ಣು ನೀರು ಕುಡಿದು ಜಾರುತ್ತೆ. ಬುಡದಲ್ಲಿ ರಸ್ತೆಗೋ ಹೋಂಸ್ಟೇಗೋ ಲಂಬವಾಗಿ ಕಡಿದಿದ್ದರೆ ಬೇಗ ಜಾರುತ್ತೆ. 2019ರಲ್ಲಿ ಕಾರಣ ಹುಡುಕೋಕೆ ಭೂಕಂಪ ಬೇಕಾಗಿರಲಿಲ್ಲ, ಜೆಸಿಬಿ ಸಾಕಿತ್ತು.

ಈ ಸಂಖ್ಯೆಗಳ ಬಗ್ಗೆ ಒಂದು ಮಾತು. 3.4 ಮತ್ತು 6.2 ಅಂದರೆ ಡಬಲ್ ಅಂತ ಓದಬೇಡಿ. ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು. 1993ರ ಸೆಪ್ಟೆಂಬರ್ 30ರ ಲಾತೂರು-ಕಿಲ್ಲಾರಿ ಭೂಕಂಪ 6.2. ಹೊಳೆನರಸೀಪುರದ್ದಕ್ಕೆ ಹೋಲಿಸಿದರೆ 16 ಸಾವಿರ ಪಟ್ಟಿನ ಹತ್ತಿರ ಬರುತ್ತೆ.

ಹೇಮಾವತಿ_ದಂಡೆ:

ಲಾತೂರು ಕೂಡ ನಮ್ಮ ಹಾಗೇ ಪ್ಲೇಟಿನ ನಡುವೆಯೇ ಅಲ್ವಾ? ಹಾಗಾದರೆ ಇಲ್ಲೂ ಅಷ್ಟು ದೊಡ್ಡದು ಆಗಬಹುದಾ?

ಸೈಟ್_ಇಂಜಿನಿಯರ್_ಹಾಸನ:

ಸುಳ್ಳು ಧೈರ್ಯ ಹೇಳಲ್ಲ ಮೇಡಂ. ಹಾಸನ, ಚಿಕ್ಕಮಗಳೂರಿನ ಹೆಚ್ಚಿನ ಭಾಗ 2002ರ ಭೂಕಂಪ ವಲಯಗಳ ನಕ್ಷೆಯಲ್ಲಿ ಎರಡನೇ ವಲಯ, ಅಂದರೆ ಅತಿ ಕಡಿಮೆ ಅಪಾಯದ್ದು. ಕಿಲ್ಲಾರಿಯ ಜಾಗವನ್ನೂ ಭೂಕಂಪಕ್ಕೆ ಮುಂಚೆ ಸುರಕ್ಷಿತ ಅಂತಲೇ ಗುರುತಿಸಿದ್ದರು. ಪ್ಲೇಟಿನ ನಡುವಿನ ಬಿರುಕುಗಳಿಗೆ ಒತ್ತಡ ಸೇರುವುದು ಬಹಳ ನಿಧಾನ. ಒಂದು ಸಲ ಜಾರಿದ್ದು ಮತ್ತೆ ಜಾರೋಕೆ ಸಾವಿರಾರು ವರ್ಷ ಹಿಡಿಯಬಹುದು. ಹಾಗಾಗಿ ಮುನ್ನೂರು ನಾನೂರು ವರ್ಷದ ದಾಖಲೆ ನೋಡಿ ಇಲ್ಲಿ ಆಗೋದೇ ಇಲ್ಲ ಅನ್ನಲಾಗದು. ಬಳ್ಳಾರಿ ಕಡೆ 1843ರಲ್ಲಿ, ಕೊಯಮತ್ತೂರಿನಲ್ಲಿ 1900ರಲ್ಲಿ ಜೋರಾಗೇ ಆಗಿತ್ತು. ನಮ್ಮಲ್ಲಿ ಸಾಧ್ಯತೆ ಕಡಿಮೆ. ಸೊನ್ನೆ ಅಲ್ಲ.

ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರಲ್ಲ, ಬಹುಪಾಲು ಕೊಂದದ್ದು ಮನೆ. ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ಮೇಲೆ ಅಡಿಗಟ್ಟಲೆ ಮಣ್ಣು ಹೊತ್ತ ಚಾವಣಿ. ಬೆಳಗಿನ ಜಾವ ನಾಲ್ಕಕ್ಕೆ ಹತ್ತಿರ, ಎಲ್ಲರೂ ಒಳಗೆ ಮಲಗಿದ್ದರು.

ಬೇಲೂರು_ಹಳೇಬೀಡು_ಗೈಡ್:

ಹೊಯ್ಸಳರು ಭೂಕಂಪ ತಡೆಯುವ ತಂತ್ರ ಗೊತ್ತಿದ್ದೇ ನಕ್ಷತ್ರಾಕಾರದ ಜಗತಿ ಕಟ್ಟಿದರು, ಅದಕ್ಕೇ ಎಂಟುನೂರು ಒಂಬೈನೂರು ವರ್ಷ ನಿಂತಿವೆ ಅಂತ ಒಂದು ಫಾರ್ವರ್ಡ್ ಬಂದಿದೆ. ಪ್ರವಾಸಿಗರು ನನ್ನನ್ನೇ ಕೇಳ್ತಾರೆ. ಏನು ಹೇಳಲಿ ಇಂಜಿನಿಯರ್ ಸಾಹೇಬ್ರೇ?

ಸೈಟ್_ಇಂಜಿನಿಯರ್_ಹಾಸನ:

ಜಗತಿ ಅಗಲ, ಗೋಡೆ ದಪ್ಪ, ಎತ್ತರ ಕಡಿಮೆ. ಇಂಥ ಕಟ್ಟಡ ಸಹಜವಾಗಿ ಗಟ್ಟಿ. ಆದರೆ ದೊಡ್ಡ ಭೂಕಂಪದ ಪರೀಕ್ಷೆಯನ್ನು ಅವು ಬರೆದೇ ಇಲ್ಲ. ಬರೆಯದ ಪರೀಕ್ಷೆಗೆ ನೂರಕ್ಕೆ ನೂರು ಕೊಡೋಕೆ ಆಗಲ್ಲ. ಆ ಬಳಪದ ಕಲ್ಲಿನ ಕೆತ್ತನೆಯನ್ನೇ ಹೊಗಳಿ ಗುರುಗಳೇ, ಅಷ್ಟಕ್ಕೇ ಇಡೀ ದಿನ ಬೇಕು.

ಕಾಲೇಜು_ಹುಡುಗಿ_ಚಿಕ್ಕಮಗಳೂರು:

ನನ್ನದು ಇನ್ನೊಂದು ಪ್ರಶ್ನೆ. ಹಿಮಾಲಯದ ಗುದ್ದಾಟ ಎಂದಾದರೂ ನಿಲ್ಲುತ್ತಾ?

ಕಲ್ಲು_ಸುತ್ತಿಗೆ:

ನಿಲ್ಲುತ್ತೆ, ನಮ್ಮ ಲೆಕ್ಕಕ್ಕೆ ಸಿಗದಷ್ಟು ದೂರದಲ್ಲಿ. ಆದರೆ ಅದಕ್ಕಿಂತ ಕುತೂಹಲದ ಸುದ್ದಿ ಸಮುದ್ರದಲ್ಲಿದೆ. ಭಾರತ, ಆಸ್ಟ್ರೇಲಿಯಾ ಎರಡೂ ಒಂದೇ ಪ್ಲೇಟು ಅಂತ ಹಿಂದೆ ಹೇಳುತ್ತಿದ್ದರು. ಭಾರತದ ಕಡೆ ಹಿಮಾಲಯ ತಡೆದಿದೆ. ಆಸ್ಟ್ರೇಲಿಯಾದ ಕಡೆ ಸಲೀಸಾಗಿ ಮುಂದೆ ಹೋಗ್ತಾ ಇದೆ. ನಡುವೆ, ಹಿಂದೂ ಮಹಾಸಾಗರದ ತಳ ತಿರುಚಿಕೊಂಡು ಒಡೀತಾ ಇದೆ. 2012ರ ಏಪ್ರಿಲ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ 8.6ರ ಭೂಕಂಪ ಆಯಿತು. ಅಂಚಿನಲ್ಲಿ ಅಲ್ಲ, ಪ್ಲೇಟಿನೊಳಗೇ. ನೆಲ ಮೇಲೆ ಕೆಳಗೆ ಆಗದೆ ಪಕ್ಕಕ್ಕೆ ಸರಿದದ್ದರಿಂದ 2004ರ ಹಾಗೆ ದೊಡ್ಡ ಸುನಾಮಿ ಬರಲಿಲ್ಲ. ಒಂದು ಪ್ಲೇಟು ಎರಡಾಗುವ ಕೆಲಸದ ಭಾಗ ಅದು ಅಂತ ಹಲವು ವಿಜ್ಞಾನಿಗಳು ಹೇಳ್ತಾರೆ.

ಆಲ್ದೂರು_ತೋಟ:

ಕೊನೆಗೆ ಒಂದು ಉಪಯೋಗದ ಪ್ರಶ್ನೆ. ನಮ್ಮದು ಅಜ್ಜನ ಕಾಲದ ಮಣ್ಣಿನ ಗೋಡೆಯ ಹಂಚಿನ ಮನೆ. ಪಕ್ಕದಲ್ಲಿ ಹೊಸದಾಗಿ ಎರಡು ಅಂತಸ್ತು ಕಟ್ಟಿಸಬೇಕು ಅಂತಿದ್ದೇನೆ. ಕೆಳಗೆ ಬರೀ ಜೀಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಜಾಗ. ಏನಾದರೂ ಎಚ್ಚರಿಕೆ?

ಸೈಟ್_ಇಂಜಿನಿಯರ್_ಹಾಸನ:

ಹೊಸದರ ವಿಷಯ ಮೊದಲು. ಕೆಳಗೆ ಬರೀ ಕಂಬ, ಮೇಲೆ ತುಂಬಾ ಗೋಡೆ ಅನ್ನುವುದೇ ಅಪಾಯದ ನಕ್ಷೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿ.ಮೀ.ಗೂ ಆಚೆಯ ಅಹಮದಾಬಾದಿನಲ್ಲಿ ಅಂಥ ಪಾರ್ಕಿಂಗ್ ಬಿಟ್ಟ ಅಪಾರ್ಟ್‌ಮೆಂಟುಗಳು ಕುಸಿದವು. ಕೆಳಗಿನ ಅಂತಸ್ತಿನಲ್ಲೂ ಎರಡು ದಿಕ್ಕಿಗೆ ಒಂದಷ್ಟು ಪೂರ್ತಿ ಗೋಡೆ ಬರಲಿ. ಕಂಬದ ಸರಳುಗಳನ್ನು ಸುತ್ತುವ ರಿಂಗುಗಳನ್ನು ಮೇಲೆ ಕೆಳಗೆ ಹತ್ತಿರ ಹತ್ತಿರ ಕಟ್ಟಿಸಿ, ಕೊಕ್ಕೆ ಒಳಕ್ಕೆ ಬಾಗಿರಲಿ. ಬಾರ್ ಬೆಂಡರ್ ಬೇಸರ ಮಾಡಿಕೊಳ್ತಾನೆ, ನಿಂತು ಮಾಡಿಸಿ. ಲಿಂಟಲ್ ಬೀಮ್ ಬಾಗಿಲು ಕಿಟಕಿ ಮೇಲೆ ಮಾತ್ರ ಹಾಕದೆ ಮನೆ ಸುತ್ತ ಬಿಡದೆ ಹೋಗಲಿ. ಖರ್ಚು ಏರುವುದು ಸ್ವಲ್ಪ.

ಹಳೇ ಮನೆಗೆ ಹಂಚಿನ ಮಾಡು ಹಗುರ, ಅದೇ ನಿಮ್ಮ ಪುಣ್ಯ. ಅದನ್ನು ತೆಗೆದು ಆರ್‌ಸಿಸಿ ಹಾಕೋಕೆ ಹೋಗಬೇಡಿ, ಮಣ್ಣಿನ ಗೋಡೆ ಆ ಭಾರಕ್ಕೆ ಕಟ್ಟಿದ್ದಲ್ಲ. ತೊಲೆಗಳು ಗೋಡೆಯ ಮೇಲೆ ಸುಮ್ನೆ ಕೂತಿದ್ದರೆ ಕಬ್ಬಿಣದ ಪಟ್ಟಿಯಿಂದ ಬಿಗಿಸಿ. ಹಾಲ್ ದೊಡ್ಡದು ಮಾಡೋಣ ಅಂತ ಅಡ್ಡಗೋಡೆ ಒಡೆಸಬೇಡಿ. ಅಟ್ಟದ ಮೇಲಿನ ಹಂಡೆ, ಕೊಪ್ಪರಿಗೆ ಕೆಳಗಿಳಿಸಿ. ನಕ್ಷೆ ಕಳಿಸಿದರೆ ಭಾನುವಾರ ನೋಡಿ ಹೇಳ್ತೀನಿ.